ಗೋಡೆಗಿಂತ ಗಾಜೇ ಜಾಸ್ತಿ

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್ ಎಂಬ ಹಳೇ ಬಂಗಲೆ ನೋಡಿದೆವು. ಹೊರಗಿನಿಂದ ಬರೀ ಕಿಟಕಿ. ಮೇಲೆ ಹೋದಷ್ಟೂ ದೊಡ್ಡವು. ಒಳಗೆ ಹೋದರೆ ಪರದೆ ಎಳೆದು ಮಬ್ಬುಗತ್ತಲು! ಇದೇನು ಲೆಕ್ಕ ಸಾರ್? ಚಳಿಗೆ ಡಬಲ್ ಗಾಜಾದರೂ ಹಾಕಿಸಬಾರದೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ನಮ್ಮ ಬೆಂಗಳೂರಿನಲ್ಲಿ ಓನರ್ ಕೆಳಗೆ, ಬಾಡಿಗೆಯವರು ಮೇಲೆ. ಅಲ್ಲಿ ಉಲ್ಟಾ. ಕೆಳಗೆ ಅಡುಗೆಮನೆ, ಕೆಲಸದವರ ಓಡಾಟ. ನಡುವಿನ ಅಂತಸ್ತು ಮನೆಯವರಿಗೆ. ರಾಣಿ ಬಂದರೆ ಕೂರಿಸುವಂಥ ಕೋಣೆಗಳು ಎಲ್ಲಕ್ಕಿಂತ ಮೇಲೆ. ಅದಕ್ಕೇ ಅಲ್ಲಿ ಚಾವಣಿ ಎತ್ತರ, ಕಿಟಕಿ ದೊಡ್ಡದು. ರಾಣಿ ಮಾತ್ರ ಬರಲೇ ಇಲ್ಲ.

ಕಟ್ಟಿಸಿದಾಕೆ ಬೆಸ್ ಆಫ್ ಹಾರ್ಡ್‌ವಿಕ್. ನಾಲ್ಕು ಮದುವೆಯಾಗಿ, ನಾಲ್ವರು ಗಂಡಂದಿರನ್ನೂ ಕಳೆದುಕೊಂಡ ಶ್ರೀಮಂತೆ. 1590ರಲ್ಲಿ ಕೆಲಸ ಶುರುವಾಗಿ 1597ರಲ್ಲಿ ಬಂದು ನೆಲೆಸಿದಳು. ಆಗ ವಯಸ್ಸು ಎಪ್ಪತ್ತರ ಆಸುಪಾಸು. ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ. ಆ ಕಾಲದಲ್ಲಿ ಗಾಜು ಬಲು ದುಬಾರಿ. ಅಷ್ಟು ಕಿಟಕಿ ಇಟ್ಟರೆ ದುಡ್ಡಿದೆ ಎಂದು ಬೇರೆ ಹೇಳಬೇಕಿಲ್ಲ. ಅದೂ ಸಾಲದೆ ಆರು ಗೋಪುರಗಳ ತಲೆಯ ಮೇಲೆ ತನ್ನ ಹೆಸರಿನ 'ಇ.ಎಸ್.' (ಎಲಿಜಬೆತ್ ಶ್ರೂಸ್‌ಬರಿ) ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿಸಿದಳು. ನಮ್ಮವರು ಗೇಟಿನ ಪಕ್ಕ 'ಮಾತೃಶ್ರೀ' ಎಂದು ಬರೆಸಿ ಸುಮ್ಮನಾಗುತ್ತಾರೆ, ಪಾಪ.

ನಾನು ನಿವೃತ್ತ ಸಿವಿಲ್ ಎಂಜಿನಿಯರ್. ನನ್ನ ಕಣ್ಣು ಹೋಗುವುದು ಹೊಗೆಕೊಳವೆಗಳ ಮೇಲೆ. ಚಳಿ ದೇಶದಲ್ಲಿ ಕೋಣೆಗೊಂದು ಬೆಂಕಿಗೂಡು ಬೇಕು, ಅದಕ್ಕೆ ಕೊಳವೆಯೂ ಬೇಕು. ಅದನ್ನು ಹೊರಗೋಡೆಗೆ ಇಟ್ಟರೆ ಕಿಟಕಿಗೆ ಜಾಗವೆಲ್ಲಿ? ಹೆಚ್ಚಿನವನ್ನು ಮನೆಯ ನಡುವಿನ ದಪ್ಪ ಗೋಡೆಗಳೊಳಗೆ ಸೇರಿಸಿಬಿಟ್ಟರು. ಭಲೇ ತಲೆ ಅಲ್ವಾ?

ಇನ್ನು ಪರದೆ. ಅಲ್ಲಿನ ಉದ್ದನೆಯ ಗ್ಯಾಲರಿಯಲ್ಲಿ ಗೋಡೆತುಂಬ ಬೈಬಲ್‌ನ ಗಿಡಿಯನ್ ಕಥೆಯ ಹದಿಮೂರು ನೇಯ್ದ ಚಿತ್ರಗಳಿವೆ. ಉಣ್ಣೆ, ರೇಷ್ಮೆ. ಬೆಳಕು ಬಣ್ಣವನ್ನಷ್ಟೇ ಅಲ್ಲ, ನೂಲನ್ನೂ ತಿನ್ನುತ್ತದೆ. ನಮ್ಮಮ್ಮ ರೇಷ್ಮೆ ಸೀರೆಯನ್ನು ನೆರಳಲ್ಲೇ ಹರವುತ್ತಿದ್ದರು, ಅದೇ ಲೆಕ್ಕ. ಆ ಹದಿಮೂರನ್ನು ಸರಿಪಡಿಸಲು 24 ವರ್ಷ ಹಿಡಿಯಿತು. 2023ರಲ್ಲಿ ಕೆಲಸ ಮುಗಿಯಿತು.

ಡಬಲ್ ಗಾಜು ಸುಲಭವಲ್ಲ. ಅದು ಗ್ರೇಡ್ 1ರ, ಅಂದರೆ ಅಲ್ಲಿನ ಅತ್ಯುನ್ನತ ದರ್ಜೆಯ ಸಂರಕ್ಷಿತ ಮನೆ. ಹೊರಗಿರಲಿ, ಒಳಗಿರಲಿ, ಮನೆಯ ಚಹರೆ ಬದಲಿಸುವ ಕೆಲಸಕ್ಕೆ ಮೊದಲೇ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅಪರಾಧ. ಬಸವನಗುಡಿಯ ನಮ್ಮ ತಾತನ ಮನೆಯಲ್ಲಿ ತೇಗದ ಕಿಟಕಿ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿದಾಗ ಯಾರೂ ಏನೂ ಕೇಳಲಿಲ್ಲ. ಹಾಕಿಸಿದವನು ನಾನೇ. ಮಳೆ ಬಂದಾಗಲೆಲ್ಲ ಅದರ ಹಳಿಯಲ್ಲಿ ನೀರು ನಿಲ್ಲುತ್ತದೆ. ಬಟ್ಟೆ ಹಿಡಿದು ಒರೆಸುವವನೂ ನಾನೇ.