ನಿಂತಿದ್ದ ಕ್ಯಾಬ್‌ನ ಬಾಗಿಲು ಬಡಿದು ಅಪ್ಪ ಸೈಕಲ್‌ನಿಂದ ಬಿದ್ದರು, ಪರಿಹಾರ ಸಿಗುತ್ತಾ?

ನೀವು ಬರೆದಿರುವುದು ಇಷ್ಟು. ನಿಮ್ಮ ತಂದೆಗೆ 48 ವರ್ಷ. ಬೆಂಗಳೂರಿನಲ್ಲಿ ಸೈಕಲ್ ಮೇಲೆ ಸೊಪ್ಪು ಮಾರುತ್ತಾರೆ. ಹನ್ನೆರಡು ದಿನದ ಹಿಂದೆ ರಸ್ತೆ ನಡುವೆ ನಿಂತಿದ್ದ ಕ್ಯಾಬ್‌ನ ಎಡಗಡೆಯಿಂದ ಹೋಗುತ್ತಿದ್ದಾಗ, ಹಿಂದೆ ಕೂತಿದ್ದ ಪ್ಯಾಸೆಂಜರ್ ದಿಢೀರನೆ ಬಾಗಿಲು ತೆಗೆದರು. ತಂದೆ ಬಿದ್ದು ಎಡ ಭುಜದ ಮೂಳೆ ಮುರಿದಿದೆ, ಆಪರೇಷನ್ ಆಗಿದೆ. ಕ್ಯಾಬ್ ಓನರ್ "ಗಾಡಿ ನಿಂತೇ ಇತ್ತು, ನಿಮ್ಮಪ್ಪನೇ ಬಂದು ಗುದ್ದಿದ್ದು. ಹೋಗ್ಲಿ, 15 ಸಾವಿರ ಕೊಡ್ತೀನಿ, ಕೇಸ್ ಬೇಡ" ಅನ್ನುತ್ತಿದ್ದಾರೆ. ಪೊಲೀಸರಿಗೆ ಇನ್ನೂ ಹೇಳಿಲ್ಲ. ಸೈಕಲ್‌ಗೆ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ತಲೆಗೆ ಹೆಲ್ಮೆಟ್ ಇರಲಿಲ್ಲ. ಹಕ್ಕು ಇದೆಯಾ ಎಂದು ಕೇಳಿದ್ದೀರಿ.

ಇದೆ. ನಾನು ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ದಯವಿಟ್ಟು ಆ 15 ಸಾವಿರ ತೆಗೆದುಕೊಂಡು ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಮೊದಲು ನಿಮ್ಮ ಹೆದರಿಕೆ ಕಳೆಯುತ್ತೇನೆ. ಕಾನೂನಿನ ಕಣ್ಣಿಗೆ ಸೈಕಲ್ ಮೋಟಾರು ವಾಹನವೇ ಅಲ್ಲ. ಅದಕ್ಕೆ ಲೈಸೆನ್ಸೂ ಬೇಡ, ಇನ್ಶೂರೆನ್ಸೂ ಬೇಡ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಕೇಳುವುದು ಮೋಟಾರ್‌ಸೈಕಲ್ ಮೇಲೆ ಹೋಗುವವರಿಗೆ. ಅದೂ ಅಲ್ಲದೆ ಪೆಟ್ಟಾಗಿರುವುದು ಭುಜಕ್ಕೆ. ಇನ್ಶೂರೆನ್ಸ್ ಇರಬೇಕಾದದ್ದು ಕ್ಯಾಬ್‌ಗೆ. ಮೂರನೆಯವರಿಗೆ ಆಗುವ ಹಾನಿಯ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ ಎನ್ನುತ್ತದೆ 146ನೇ ಸೆಕ್ಷನ್. ನಿಮ್ಮ ತಂದೆಯೇ ಇಲ್ಲಿ ಆ ಮೂರನೆಯವರು. ಕ್ಯಾಬ್ ನಂಬರ್ ಇದ್ದರೆ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಯಾವ ಕಂಪನಿಯ ಪಾಲಿಸಿ, ಎಲ್ಲಿಯವರೆಗೆ ಇದೆ ಎಂದು ಇವತ್ತೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನು "ಗಾಡಿ ನಿಂತೇ ಇತ್ತು" ಎಂಬ ಮಾತು. ಪರಿಹಾರ ಸಿಗುವುದು ವಾಹನದ "ಬಳಕೆಯಿಂದ" ಆದ ಅಪಘಾತಕ್ಕೆ. ನಿಂತ ಗಾಡಿ ಬಳಕೆಯಲ್ಲಿ ಇದ್ದಂತೆ ಆಗುತ್ತದಾ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹಿಂದೆಯೇ ಹೋಗಿತ್ತು. 1987ರಲ್ಲಿ ಪುಣೆ ಕಡೆಯಿಂದ ಬೆಂಗಳೂರಿನ ಕಡೆಗೆ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರ್ ಹೆದ್ದಾರಿ ಪಕ್ಕ ಮಗುಚಿಕೊಂಡಿತು. ಪೆಟ್ರೋಲ್ ಸೋರುತ್ತಾ ಇತ್ತು. ಸುಮಾರು ನಾಲ್ಕು ಗಂಟೆ ಕಳೆದ ಮೇಲೆ ಸ್ಫೋಟವಾಗಿ ಜನ ಸತ್ತರು. ಆ ಹೊತ್ತಿಗೆ ಟ್ಯಾಂಕರ್ ಓಡುತ್ತಿರಲಿಲ್ಲ, ಓಡುವ ಸ್ಥಿತಿಯಲ್ಲೂ ಇರಲಿಲ್ಲ. ಆದರೂ ಅದು ವಾಹನದ ಬಳಕೆಯಿಂದಲೇ ಆದ ಅಪಘಾತ ಎಂದು ಶಿವಾಜಿ ದಯಾನು ಪಾಟೀಲ್ ಪ್ರಕರಣದಲ್ಲಿ 1991ರಲ್ಲಿ ಕೋರ್ಟ್ ಹೇಳಿತು. ಮಗುಚಿ ಬಿದ್ದ ಟ್ಯಾಂಕರ್ ಬಳಕೆಯಲ್ಲಿತ್ತು ಎಂದಾದರೆ, ಪ್ಯಾಸೆಂಜರ್ ಇಳಿಸಲು ನಿಂತ ಕ್ಯಾಬ್ ಬಳಕೆಯಲ್ಲಿರಲಿಲ್ಲ ಎಂದು ವಾದಿಸುವುದು ಕಷ್ಟ ಅಲ್ವಾ? ಇಳಿಸುವುದೇ ಕ್ಯಾಬ್‌ನ ಕೆಲಸ.

ಬಾಗಿಲು ತೆಗೆದದ್ದು ಪ್ಯಾಸೆಂಜರ್, ಡ್ರೈವರ್ ಅಲ್ಲ ಎಂದೂ ಹೇಳುತ್ತಾರೆ. ಡ್ರೈವರ್ ಮಾಡಿದ ತಪ್ಪು ಬೇರೆ ಇದೆ. ಆತ ಪಕ್ಕಕ್ಕೆ ಹಾಕದೆ ರಸ್ತೆ ನಡುವೆ ನಿಲ್ಲಿಸಿದ. ಎಡಕ್ಕೆ ಒಂದು ಸೈಕಲ್ ತೂರುವಷ್ಟು ಜಾಗ ಬಿಟ್ಟು, ಆ ಕಡೆಗೇ ಜನರನ್ನು ಇಳಿಸಿದ. ಬೇರೆಯವರಿಗೆ ಅಪಾಯವಾಗುವಂತೆ ವಾಹನ ನಿಲ್ಲಿಸಬಾರದು ಎಂದು 122ನೇ ಸೆಕ್ಷನ್ ಹೇಳುತ್ತದೆ. ದೂರು ಬರೆಯುವಾಗ ಈ ವಿವರವೇ ಮುಖ್ಯ. ಕ್ಯಾಬ್ ಫುಟ್‌ಪಾತ್‌ನಿಂದ ಎಷ್ಟು ದೂರ ನಿಂತಿತ್ತು, ಇಂಡಿಕೇಟರ್ ಹಾಕಿತ್ತಾ, ಬಾಗಿಲು ತೆಗೆದಾಗ ಸೈಕಲ್ ಎಲ್ಲಿತ್ತು ಎಂದು ಬರೆಯಿರಿ. "ಬಾಗಿಲು ಬಡಿಯಿತು" ಎಂದಷ್ಟೇ ಬರೆದರೆ ಸಾಲದು.

ಈಗ ಪೊಲೀಸ್ ಕೆಲಸ. ಆ ಜಾಗ ಯಾವ ಟ್ರಾಫಿಕ್ ಪೊಲೀಸ್ ಠಾಣೆಗೆ ಬರುತ್ತದೋ ಅಲ್ಲಿಗೆ ನಾಳೆಯೇ ಹೋಗಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು 2011ರಲ್ಲಿ ರವಿ ಮತ್ತು ಬದ್ರಿನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಯಾಳುವಿನ ಮನೆಯವರು ಮೊದಲು ಓಡುವುದು ಆಸ್ಪತ್ರೆಗೆ, ಠಾಣೆಗಲ್ಲ. ಆದರೆ ತಡವಾದದ್ದು ಯಾಕೆ ಎಂದು ದೂರಿನಲ್ಲೇ ಒಂದು ಸಾಲು ಇರಲಿ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ವಾಹನ ಓಡಿಸುವುದರ ಬಗ್ಗೆ ಮಾತ್ರ ಹೇಳುತ್ತದೆ. 125ನೇ ಸೆಕ್ಷನ್ ಹಾಗಲ್ಲ. ಬೇರೆಯವರ ಜೀವಕ್ಕೆ ಅಪಾಯ ತರುವ ಯಾವುದೇ ಅಜಾಗರೂಕ ಕೆಲಸ ಅದರಲ್ಲಿ ಬರುತ್ತದೆ. ಹಿಂದೆ ನೋಡದೆ ಬಾಗಿಲು ತೆಗೆಯುವುದೂ ಅಂಥದ್ದೇ, ಆದ್ದರಿಂದ ಪ್ಯಾಸೆಂಜರ್ ಕೂಡ ಇದರಲ್ಲಿ ಸಿಗಬಹುದು. ಮೂಳೆ ಮುರಿದರೆ ಅದು ತೀವ್ರ ಗಾಯ. ಅದಕ್ಕೆ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಎಫ್ಐಆರ್ ಪ್ರತಿ ನಿಮಗೆ ಉಚಿತವಾಗಿ ಕೊಡಬೇಕು.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಆಸ್ಪತ್ರೆಯ ಕಾಗದದ ಬಗ್ಗೆ. ನನ್ನ ಕಕ್ಷಿದಾರರೊಬ್ಬರು ಪ್ಲಂಬರ್. ನಿಲ್ಲಿಸಿದ್ದ ಕಾರಿನ ಬಾಗಿಲಿಗೆ ಸಿಕ್ಕಿ ಬಿದ್ದಿದ್ದರು. ಆ ಕಾರಿನವರೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಕ್ಯಾಶುಯಲ್ಟಿಯಲ್ಲಿ ಏನಾಯಿತು ಎಂದು ಕೇಳಿದಾಗ ಉತ್ತರ ಕೊಟ್ಟವರೂ ಅವರೇ: "ಸೈಕಲ್‌ನಿಂದ ಬಿದ್ದರು." ಡ್ಯೂಟಿ ಡಾಕ್ಟರ್ ಅದನ್ನೇ ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಬರೆದುಕೊಂಡರು. ಪಾಟೀಸವಾಲಿನ ದಿನ ಇನ್ಶೂರೆನ್ಸ್ ವಕೀಲರು ದೊಡ್ಡ ಕಡತದಿಂದ ಆ ಒಂದೇ ಹಾಳೆ ಎಳೆದು, "ಇಲ್ಲಿ ಕಾರಿನ ಹೆಸರೇ ಇಲ್ಲವಲ್ಲ?" ಎಂದು ಕೇಳಿದರು. ಆ ಒಂದು ಸಾಲನ್ನು ಸರಿಪಡಿಸಲು ಕಣ್ಣಾರೆ ಕಂಡ ಎಳನೀರಿನವರನ್ನು ಹುಡುಕಿ ಸಾಕ್ಷಿ ಹೇಳಿಸಬೇಕಾಯಿತು. ನಿಮ್ಮ ತಂದೆಯ ಕೇಸ್ ಶೀಟಿನಲ್ಲಿ ಏನು ಬರೆದಿದೆ ಎಂದು ಮೊದಲು ನೋಡಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಎಂದು ಆಸ್ಪತ್ರೆ ಮಾಡುವ ದಾಖಲೆ, ಆಗಿದೆಯಾ ಕೇಳಿ. ತಪ್ಪು ಬರೆದಿದ್ದರೆ ನಡೆದದ್ದನ್ನು ಬರವಣಿಗೆಯಲ್ಲಿ ಆಸ್ಪತ್ರೆಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹತ್ತಿರದ ಅಂಗಡಿ, ಅಪಾರ್ಟ್‌ಮೆಂಟ್‌ಗಳ ಸಿಸಿಟಿವಿ ಇದ್ದರೆ ಇವತ್ತೇ ಕೇಳಿ. ಹಳೆಯ ರೆಕಾರ್ಡಿಂಗ್ ತಾನಾಗೇ ಅಳಿಸಿಹೋಗುತ್ತದೆ.

ಪರಿಹಾರದ ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಕೆಳಗೆ. ಬೆಂಗಳೂರಿನಲ್ಲಿ ಲಘುವ್ಯವಹಾರಗಳ ನ್ಯಾಯಾಲಯವೇ ಈ ಕೆಲಸ ಮಾಡುತ್ತದೆ. ಅಪಘಾತವಾದ ಊರಲ್ಲಾಗಲಿ ನೀವು ವಾಸ ಇರುವ ಊರಲ್ಲಾಗಲಿ ಹಾಕಬಹುದು. ಡ್ರೈವರ್, ಓನರ್, ಇನ್ಶೂರೆನ್ಸ್ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಬೇಕು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಓನರ್ "ನೋಡೋಣ, ಮುಂದಿನ ವಾರ" ಎಂದು ಎಳೆಯುತ್ತಿದ್ದರೆ ಅದಕ್ಕೆ ಇದೂ ಕಾರಣ ಇರಬಹುದು. ಇಲ್ಲಿ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಸಾಕ್ಷ್ಯ ಬೇಕಿಲ್ಲ. ಯಾರ ಮಾತು ಹೆಚ್ಚು ನಂಬುವಂತಿದೆ ಎಂದು ತೂಗಿ ನೋಡುತ್ತಾರೆ.

164ನೇ ಸೆಕ್ಷನ್ ಇನ್ನೊಂದು ದಾರಿ. ತಪ್ಪು ಯಾರದು ಎಂದು ತೋರಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ. ಆದರೆ ಇನ್ಶೂರೆನ್ಸ್ ಕಂಪನಿಯವರು ಅದನ್ನು ಕೊಡಲು ಮುಂದೆ ಬಂದು ನೀವು ಒಪ್ಪಿಕೊಂಡರೆ, 166ರ ಅರ್ಜಿ ಅಲ್ಲಿಗೇ ಮುಗಿದುಹೋಗುತ್ತದೆ. ವಕೀಲರ ಜೊತೆ ಲೆಕ್ಕ ಹಾಕದೆ ಒಪ್ಪಬೇಡಿ.

ಲೆಕ್ಕ ಹೇಗೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಸೊಪ್ಪು ಮಾರುವವರಿಗೆ ಸಂಬಳದ ಚೀಟಿ ಇರುವುದಿಲ್ಲ. ಆಗ ಅಪಘಾತವಾದ ವರ್ಷಕ್ಕೆ ತಕ್ಕ ಅಂದಾಜು ಆದಾಯ ಹಿಡಿಯುತ್ತಾರೆ. ಅದಕ್ಕೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಒಂದು ಪಟ್ಟಿ ಇದೆ. ಸುಮ್ನೆ ಲೆಕ್ಕಕ್ಕೆ ತಿಂಗಳಿಗೆ 15,000 ಅಂದುಕೊಳ್ಳಿ. ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸುತ್ತಾರೆ. 48 ವಯಸ್ಸಿಗೆ ಗುಣಕ 13. ಕೆಲಸ ಮಾಡುವ ಶಕ್ತಿ ಶೇ. 20ರಷ್ಟು ಹೋಗಿದೆ ಎಂದಾದರೆ 4,68,000 ರೂಪಾಯಿ. ಆಸ್ಪತ್ರೆ ಬಿಲ್ಲು, ಮನೆಯಲ್ಲೇ ಇದ್ದ ತಿಂಗಳುಗಳ ದುಡಿಮೆ, ನೋವು ಇದರ ಮೇಲೆ ಬೇರೆ.

ಜಗಳ ನಡೆಯುವುದೇ ಆ ಶೇಕಡಾವಾರಿನ ಮೇಲೆ. ಡಾಕ್ಟರು ಭುಜಕ್ಕೆ ಶೇ. 30 ಎಂದು ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ. 10 ಎಂದು ಹಿಡಿಯುವುದು ನಮ್ಮಲ್ಲಿ ರೂಢಿ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಸರಿಯಿರಬಹುದು. ಸೊಪ್ಪಿನ ಹೊರೆ ಎತ್ತಿ ಕ್ಯಾರಿಯರ್‌ಗೆ ಕಟ್ಟಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಏರು ದಾರಿ ತಳ್ಳುವವರಿಗೆ ಖಂಡಿತ ಸರಿಯಲ್ಲ. ಅಂಗಕ್ಕೆ ಎಷ್ಟು ಊನ ಎಂಬುದಲ್ಲ, ಆ ಊನದಿಂದ ಆ ವ್ಯಕ್ತಿಯ ದುಡಿಮೆಗೆ ಎಷ್ಟು ಪೆಟ್ಟು ಎಂಬುದನ್ನು ನೋಡಬೇಕು ಎಂದು ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ತೀರ್ಪು ಸ್ಪಷ್ಟವಾಗಿ ಹೇಳಿದೆ. ತಂದೆಯವರ ದಿನದ ಕೆಲಸವನ್ನು ವಕೀಲರಿಗೆ ಬಿಡಿಸಿ ಹೇಳಿ: ಎಷ್ಟು ಹೊತ್ತಿಗೆ ಮಾರುಕಟ್ಟೆಗೆ ಹೋಗುತ್ತಿದ್ದರು, ಎಷ್ಟು ಭಾರ ಹೊರುತ್ತಿದ್ದರು, ಈಗ ಏನು ಆಗುತ್ತಿಲ್ಲ.

ಎಡಗಡೆಯಿಂದ ನುಗ್ಗಿದ್ದು ಸೈಕಲ್‌ನವರದ್ದೇ ತಪ್ಪು ಎಂದು ಅವರು ವಾದಿಸಿಯೇ ತೀರುತ್ತಾರೆ. ನ್ಯಾಯಮಂಡಳಿ ಅದನ್ನು ಸ್ವಲ್ಪ ಒಪ್ಪಿದರೂ ಅಷ್ಟು ಪಾಲು ಕಡಿತವಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಅಪಘಾತದ ದಿನದಿಂದ 7 ದಿನ ಮಾತ್ರ. ನಿಮಗೆ ಆ ಅವಧಿ ಮುಗಿದಿದೆ. ಆದ್ದರಿಂದ ಕಟ್ಟಿದ ಪ್ರತಿ ಬಿಲ್ಲು, ಮಾತ್ರೆ ಚೀಟಿ, ಆಟೋ ಖರ್ಚು ಸಹಿತ ತೆಗೆದಿಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮುಂದೆ ಲೋಕ್ ಅದಾಲತ್‌ನಲ್ಲಿ ರಾಜಿಗೆ ಕೂರಿಸಿದರೆ ಕೂರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಎದುರಿಗೆ ಇನ್ಶೂರೆನ್ಸ್ ಕಂಪನಿ ಇರಬೇಕು, ನಿಮ್ಮ ಕೈಯಲ್ಲಿ ಎಫ್ಐಆರ್, ಗಾಯದ ಸರ್ಟಿಫಿಕೇಟ್, ಡಾಕ್ಟರ ಊನದ ವರದಿ ಇರಬೇಕು. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಏನಿದೆ ಎಂದು ನೋಡಿ ಕೆಳಗೆ ಬರೆಯಿರಿ, ದೂರು ಹೇಗೆ ಬರೆಯಬೇಕು ಎಂದು ಹೇಳುತ್ತೇನೆ.