ಆರು ಗಂಟೆಯ ಗೇಟು

ಗಡಿಯಲ್ಲಿ ಬದುಕುವುದೆಂದರೆ ಹೇಗೆ, ಭಾಷೆಯ ಜಗಳ ಇದೆಯೇ ಎಂದು ಕೇಳಿದಿರಿ. ಮೈಸೂರು ಎಂದರೆ ಅರಮನೆ ಮತ್ತು ದಸರಾ ಎಂದು ತಿಳಿದವರಿಗೆ ಈ ಜಿಲ್ಲೆ ಕೇರಳಕ್ಕೆ ಅಂಟಿಕೊಂಡಿದೆ ಎಂಬುದು ನೆನಪಿರುವುದಿಲ್ಲ. ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕು, ಅಂತರಸಂತೆಯ ಕಡೆ. ಇಲ್ಲಿಂದ ಮುಂದೆ ನಾಗರಹೊಳೆಯ ಕಾಡು, ಕಾಡು ಮುಗಿಯುವಲ್ಲಿ ಬಾವಲಿ, ಬಾವಲಿಯ ಆಚೆಗೆ ವಯನಾಡು.

ಜಗಳ ಇಲ್ಲ. ಶುಂಠಿ ಬೆಳೆಯಲು ನಮ್ಮ ಹೊಲಗಳನ್ನು ಗುತ್ತಿಗೆಗೆ ಹಿಡಿಯುವವರಲ್ಲಿ ಕೇರಳದವರೇ ಹೆಚ್ಚು. ಕಾಫಿ ಹಣ್ಣು, ಮೆಣಸು ಬಿಡಿಸಲು ನಮ್ಮವರು ಅವರ ತೋಟಗಳಿಗೆ ಹೋಗುತ್ತಾರೆ. ಅವರ ಕನ್ನಡ, ನಮ್ಮ ಮಲಯಾಳ ಎರಡೂ ಅರ್ಧಂಬರ್ಧ. ಕೂಲಿಯ ಲೆಕ್ಕಕ್ಕೆ, ಕುಶಲ ವಿಚಾರಿಸುವುದಕ್ಕೆ ಅಷ್ಟು ಸಾಕು. ನಮ್ಮನ್ನು ಕಾಡುವ ಗಡಿ ಭಾಷೆಯದಲ್ಲ, ಹೊತ್ತಿನದು. ಸಂಜೆ ಆರಕ್ಕೆ ಕಾಡಿನ ರಸ್ತೆಯ ಗೇಟು ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಅಷ್ಟರೊಳಗೆ ದಾಟದವನು ಇದ್ದಲ್ಲೇ ರಾತ್ರಿ ಕಳೆಯಬೇಕು.

ಈ ನಿರ್ಬಂಧ ತಪ್ಪು ಎಂದು ನಾನು ಹೇಳುವುದಿಲ್ಲ. ವಾಹನದ ಬೆಳಕಿಗೆ ಕಣ್ಣು ಕೋರೈಸಿ ರಸ್ತೆಯ ನಡುವೆಯೇ ನಿಂತುಬಿಡುವ ಜಿಂಕೆಯನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಆ ಗೇಟು ನಮ್ಮಿಂದ ಏನು ಕಿತ್ತುಕೊಂಡಿದೆ ಎಂಬುದನ್ನೂ ಹೇಳಬೇಕು.

ಅಪ್ಪನ ಅಕ್ಕನನ್ನು ಕೊಟ್ಟಿದ್ದು ಪೆರಿಕ್ಕಲ್ಲೂರಿಗೆ. ಕಾಡಿನ ಗೇಟು ದಾಟಿ ಹೋದರೆ ಈಚೆ ದಡದಲ್ಲಿ ನಮ್ಮ ತಾಲ್ಲೂಕಿನ ಡಿ.ಬಿ. ಕುಪ್ಪೆ, ಆಚೆ ದಡದಲ್ಲಿ ಅತ್ತೆಯ ಊರು, ನಡುವೆ ಕಬಿನಿ. ದೋಣಿ ಹತ್ತಿದರೆ ನಾಲ್ಕು ಮಾತು ಮುಗಿಯುವಷ್ಟರಲ್ಲಿ ಕೇರಳ. ಚಿಕ್ಕಂದಿನಲ್ಲಿ ಅದೇ ನಮ್ಮ ಪ್ರವಾಸ. ಅವ್ವ ರಾಗಿ ಹಿಟ್ಟು, ಹುರುಳಿಕಾಳು ಕಟ್ಟಿಕೊಳ್ಳುತ್ತಿದ್ದಳು. ಬರುವಾಗ ಅದೇ ಚೀಲದ ತುಂಬ ಮರಗೆಣಸು ಬರುತ್ತಿತ್ತು. ಅತ್ತೆ ಅಲ್ಲಿ ಐವತ್ತು ವರ್ಷ ಬಾಳಿದರೂ ರಾತ್ರಿಯೂಟಕ್ಕೆ ಮುದ್ದೆಯನ್ನೇ ತಿರುವಿದಳು. ಅವಳ ಮೊಮ್ಮಕ್ಕಳು ಶಾಲೆಯ ಪಾಠವನ್ನು ಮಲಯಾಳದಲ್ಲಿ ಒಪ್ಪಿಸಿ, ಹಸಿವಾದಾಗ ಕನ್ನಡದಲ್ಲಿ ಅಳುತ್ತಿದ್ದರು.

ಆ ಅತ್ತೆ ತೀರಿಕೊಂಡ ಸುದ್ದಿ ಬಂದದ್ದು ರಾತ್ರಿ ಏಳೂವರೆಗೆ. ಗೇಟು ಮುಚ್ಚಿ ಒಂದೂವರೆ ಗಂಟೆಯಾಗಿತ್ತು. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂತವಾಡಿ ಸುತ್ತಿಕೊಂಡು ಹೋಗುವ ದಾರಿ ಇತ್ತು. ಬಾಡಿಗೆ ಕಾರಿಗಾಗಿ ನಾಲ್ಕು ಕಡೆ ಕೇಳಿದೆ, ಯಾರೂ ಒಪ್ಪಲಿಲ್ಲ. ಅಪ್ಪ ಯಾರನ್ನೂ ಬೈಯಲಿಲ್ಲ. ಪಂಚೆ ಬದಲಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು, ಹೊರಡುವವನ ಹಾಗೆ ಜಗುಲಿಯ ಮೇಲೆ ಕುಳಿತ. ಚಪ್ಪಲಿಯನ್ನೂ ಬಿಡಲಿಲ್ಲ. ಅವ್ವ ಎರಡು ಸಲ ಕಾಫಿ ತಂದಿಟ್ಟಳು, ಎರಡೂ ಆರಿಹೋದವು. ನಡುರಾತ್ರಿಯ ಹೊತ್ತಿಗೆ ಒಂದೇ ಒಂದು ಮಾತು ಆಡಿದ: "ನನ್ನನ್ನು ಎತ್ತಿ ಆಡಿಸಿದವಳು ಕಣಪ್ಪಾ." ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ನಾವೇ ಮೊದಲಿದ್ದೆವು. ಮಳೆಗಾಲದ ಹೊಳೆ ದಡ ಮೀರಿತ್ತು, ದೋಣಿ ಬಿಡಲು ತಡವಾಯಿತು. ನಾವು ಹೋಗಿ ಮುಟ್ಟಿದಾಗ ಅಂಗಳ ಗುಡಿಸಿ ನೀರು ಹಾಕಿಯಾಗಿತ್ತು.

ಅಂದಿನಿಂದ ಅಪ್ಪ ಮನೆಯ ಗೋಡೆ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಇಟ್ಟ. ಅದು ಇಂದಿಗೂ ಹಾಗೆಯೇ ಓಡುತ್ತಿದೆ.

ಕಳೆದುಕೊಳ್ಳುವುದು ನಮ್ಮ ಮನೆಗೆ ಅಲ್ಲಿಂದ ಶುರುವಾದದ್ದಲ್ಲ. 1974ರಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟು ಮುಗಿದಾಗ ಮುಳುಗಿದ ಹಳ್ಳಿಗಳಲ್ಲಿ ತಾತನದೂ ಒಂದು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಪ್ಪಗೆ ನಿಂತ ಮರದ ಮೋಟುಗಳು ಮೇಲೇಳುತ್ತವೆ, ಚಿಗುರಿದ ಹುಲ್ಲಿಗೆ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಅದನ್ನು ನೋಡಲು ದೂರ ದೂರದಿಂದ ಜನ ಬಂದು ರೆಸಾರ್ಟುಗಳಲ್ಲಿ ಉಳಿಯುತ್ತಾರೆ. ನಾವು ಹೋಗುತ್ತಿದ್ದುದು ಭೀಮನಕೊಲ್ಲಿಯ ಮಹದೇಶ್ವರನ ಗುಡಿಗೆ. ಪೂಜೆ ಮುಗಿಸಿ, ನೀರಿನ ಅಂಚಿನಲ್ಲಿ ಬುತ್ತಿ ಬಿಚ್ಚಿದ ಮೇಲೆ ತಾತ ಕೈ ಚಾಚಿ, "ಅಲ್ಲಿ ನಮ್ಮ ಕಣ, ಅದರ ಎಡಕ್ಕೆ ಹುಣಸೆಮರ" ಎಂದು ತೋರಿಸುತ್ತಿದ್ದ. ನಮಗೆ ನೀರು ಮಾತ್ರ ಕಾಣುತ್ತಿತ್ತು. ಆದರೂ ಪ್ರತಿ ವರ್ಷ ಅವನ ಕೈ ಒಂದೇ ಜಾಗಕ್ಕೆ ಹೋಗುತ್ತಿತ್ತು. ಮಕ್ಕಳಾದ ನಾವು ಅದನ್ನು ಪರೀಕ್ಷೆ ಮಾಡಿಯೇ ನೋಡಿದ್ದೆವು.

ಇನ್ನೊಂದು ಪ್ರವಾಸ ತಿರುನೆಲ್ಲಿಗೆ. ಮಾನಂತವಾಡಿ ಬಸ್ಸಿನಲ್ಲಿ ಕಾಡು ದಾಟಿ ಕಾಟ್ಟಿಕ್ಕುಳಂನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಬ್ರಹ್ಮಗಿರಿಯ ಮಡಿಲಲ್ಲಿ ವಿಷ್ಣುವಿನ ಗುಡಿ, ಬೆಟ್ಟದ ನೀರನ್ನು ಗುಡಿಯವರೆಗೆ ಹೊತ್ತು ತರುವ ಕಲ್ಲಿನ ದೋಣಿಗಳ ಸಾಲು, ಅದರಾಚೆ ಪಾಪನಾಶಿನಿ ತೊರೆ. ಬರುವ ದಾರಿಯಲ್ಲಿ ಅಪ್ಪ ಬಿಸಿ ಬಿಸಿ ಉಣ್ಣಿಯಪ್ಪದ ಎರಡು ಪೊಟ್ಟಣ ಕಟ್ಟಿಸುತ್ತಿದ್ದ. ಆದರೆ ಬಾವಲಿಯ ಗೇಟು ದಾಟುವವರೆಗೆ ಬಿಚ್ಚುವಂತಿರಲಿಲ್ಲ. ಬಾಳೆಹಣ್ಣು, ಬೆಲ್ಲ, ತುಪ್ಪದ ವಾಸನೆ ಬಸ್ಸಿನ ತುಂಬ ಹರಡಿದರೂ ಅವನ ಕಣ್ಣು ಗಡಿಯಾರದ ಮೇಲೆ. ಮೊದಲು ಗೇಟು, ಆಮೇಲೆ ಬಾಯಿ ಎನ್ನುತ್ತಿದ್ದ.

ಅಪ್ಪ ಹೋದದ್ದು ಹೋದ ವರ್ಷ ಮಾಘದಲ್ಲಿ. ನಮ್ಮ ಕಡೆಯವರು ಸಾಮಾನ್ಯವಾಗಿ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ, ನಮ್ಮ ಕಬಿನಿ, ಅಂದರೆ ಕಪಿಲೆ, ಕಾವೇರಿಯನ್ನು ಕೂಡುವ ತಿರುಮಕೂಡಲಿಗೋ ಒಯ್ಯುತ್ತಾರೆ. ನಾವೂ ಮೂರನೆಯ ದಿನ ತಿರುಮಕೂಡಲಿಗೇ ಹೋದೆವು. ಆದರೆ ಪಿಂಡವನ್ನು ಪಾಪನಾಶಿನಿಯಲ್ಲಿ ಬಿಡಬೇಕೆಂದು ಅಪ್ಪ ಬದುಕಿದ್ದಾಗಲೇ ಹೇಳಿದ್ದ. "ಅಲ್ಲಿ ಬಿಟ್ಟರೆ ನೀರು ಅಕ್ಕನ ಊರಿನ ಕಡೆಯಿಂದ ಬಂದ ಹೊಳೆಯನ್ನು ಸೇರಿ ನಮ್ಮ ಕಣದ ಮೇಲೆ ಹಾಯುತ್ತದೆ" ಎಂಬುದು ಅವನ ಲೆಕ್ಕ. ಇಲ್ಲಿಗೆ ಬರುವ ಕಬಿನಿಯ ನೀರು ಬಹುಪಾಲು ವಯನಾಡಿನದೇ. ಅವನ ಲೆಕ್ಕ ಸರಿ ಎಂದೇ ನಾನು ನಂಬಿದ್ದೇನೆ.

ಅಲ್ಲಿ ಪಿತೃಗಳಿಗೆ ದೊಡ್ಡ ದಿನ ಕರ್ಕಿಡಕ ವಾವು, ಅಂದರೆ ಮಲಯಾಳದವರ ಕರ್ಕಿಡಕ ಮಾಸದ ಅಮಾವಾಸ್ಯೆ. ಹೆಚ್ಚಾಗಿ ನಮ್ಮ ಭೀಮನ ಅಮಾವಾಸ್ಯೆಯೂ ಅದೇ ದಿನ ಬೀಳುತ್ತದೆ. ನಮ್ಮ ಹೆಣ್ಣುಮಕ್ಕಳು ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ಹೋದ ವರ್ಷವೂ ಹಾಗೆಯೇ ಬಿತ್ತು. ಬೇರೆ ದಿನ ಹೋಗೋಣ ಎಂದೆ. ಅವ್ವ ಒಪ್ಪಲಿಲ್ಲ. "ಆ ದಿನ ನಾನು ಮನೆಯಲ್ಲಿ ಕೂತು ಏನು ಮಾಡಲಿ?" ಎಂದಳು.

ಜಿಟಿಜಿಟಿ ಮಳೆ, ಕಾಲಿಟ್ಟಲ್ಲಿ ಜಾರುವ ಕಲ್ಲು. ಸಾವಿರಾರು ಜನ ಒದ್ದೆ ಪಂಚೆಯಲ್ಲಿ ಸಾಲು ನಿಂತಿದ್ದರು. ಮಂತ್ರ ಹೇಳಿಸಿದವರು ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿ, "ತಂದೆಯ ಹೆಸರು ಹೇಳಿ" ಎಂದರು. ಹೆಸರು ಹೇಳಲು ನನ್ನಿಂದ ಕೂಡಲೇ ಆಗಲಿಲ್ಲ. ಹಿಂದೆ ನಿಂತಿದ್ದ ಅವ್ವ, ಬದುಕಿನಲ್ಲಿ ಎಂದೂ ಗಂಡನ ಹೆಸರು ಹಿಡಿದು ಕರೆಯದವಳು, ಅದನ್ನು ಗಟ್ಟಿಯಾಗಿ ಹೇಳಿದಳು. ದರ್ಭೆ, ಎಳ್ಳು, ಅನ್ನ ಇಟ್ಟಿದ್ದ ಎಲೆಯನ್ನು ನೀರಿಗೆ ಬಿಟ್ಟೆ. ಅದು ಒಂದು ಕಲ್ಲಿಗೆ ತಡೆದು, ಸುತ್ತು ತಿರುಗಿ, ಬಿಡಿಸಿಕೊಂಡು ಕೆಳಗೆ ಹೋಯಿತು.

ವಾಪಸು ಬರುವಾಗ ಅವ್ವ ತಾನೇ ಬಸ್ಸು ಇಳಿದು ಹೋಗಿ ಉಣ್ಣಿಯಪ್ಪ ಕಟ್ಟಿಸಿಕೊಂಡು ಬಂದಳು, ಎರಡು ಪೊಟ್ಟಣ. ಸೆರಗಿನೊಳಗೆ ಹಿಡಿದು ಕಿಟಕಿಯ ಪಕ್ಕ ಕುಳಿತಳು. ಮಕ್ಕಳು ಕೇಳಿದರೂ ಕೊಡಲಿಲ್ಲ. ಗಂಟೆ ಎಷ್ಟು ಎಂದು ನನ್ನನ್ನು ಮೂರು ಸಲ ಕೇಳಿದಳು. ಬಾವಲಿಗೆ ಬಂದಾಗ ಐದೂ ಹತ್ತು. ಬಸ್ಸು ಗೇಟು ದಾಟಿ ಕಾಡಿನ ಒಳಗೆ ಹೊರಳಿದ ಮೇಲೆ, ಅವ್ವ ದಾರ ಬಿಚ್ಚತೊಡಗಿದಳು.