ಊಟಕ್ಕೆ ಕೊರತೆ ಇಲ್ಲದಿದ್ದರೂ ಬಸುರಿಯಲ್ಲಿ ಅಪೌಷ್ಟಿಕತೆ ಯಾಕೆ?

ಪ್ರಶ್ನೆ: ನನ್ನ ಹೆಂಡತಿಗೆ ಈಗ 5 ತಿಂಗಳು. ಮೊದಲ ಮಗುವಿಗೆ ಒಂದೂವರೆ ವರ್ಷ, ಇನ್ನೂ ಎದೆಹಾಲು ಕುಡಿಯುತ್ತದೆ. ತಪಾಸಣೆಯಲ್ಲಿ ತೋಳಿನ ಸುತ್ತಳತೆ 22 ಸೆಂ.ಮೀ., ಹಿಮೋಗ್ಲೋಬಿನ್ 9.8 ಬಂತು. ಅಪೌಷ್ಟಿಕತೆ ಇದೆ ಎಂದರು. ಮನೆಯಲ್ಲಿ ಊಟಕ್ಕೇನೂ ಕೊರತೆ ಇಲ್ಲ. ಮತ್ತೆ ಹೀಗೇಕೆ?

ಉತ್ತರ: ಮನೆಯಲ್ಲಿ ಊಟ ಇರುವುದು ಬೇರೆ, ಅದು ಅವರ ಹೊಟ್ಟೆ ಸೇರುವುದು ಬೇರೆ, ಮೈಗೆ ಹತ್ತುವುದು ಇನ್ನೂ ಬೇರೆ.

ಒಂದು ದೊಡ್ಡ ಕಾರಣ ನಿಮ್ಮ ಪತ್ರದಲ್ಲೇ ಇದೆ. ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ 2 ವರ್ಷ ಬಿಡುವುದು ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮಲ್ಲಿ ಸುಮಾರು 13 ತಿಂಗಳಷ್ಟೇ ಆಗಿದೆ. ಮೊದಲ ಬಸಿರು, ಹೆರಿಗೆಯಲ್ಲಿ ಹೋದ ರಕ್ತ, ಆಮೇಲೆ ಹಾಲೂಡಿಕೆ. ಖಾಲಿಯಾದ ಕಬ್ಬಿಣ ಮತ್ತು ಫೋಲೇಟ್ (ರಕ್ತ ತಯಾರಾಗಲು ಬೇಕಾದ ವಿಟಮಿನ್, ಮಾತ್ರೆಯಲ್ಲಿ ಫೋಲಿಕ್ ಆಮ್ಲ) ತುಂಬಿಕೊಳ್ಳುವ ಮೊದಲೇ ಎರಡನೇ ಮಗು ತನ್ನ ಪಾಲು ಕೇಳುತ್ತಿದೆ. ಹಾಗಂತ ಹಾಲು ಬಿಡಿಸಲೇಬೇಕು ಅಂತಿಲ್ಲ. ಆದರೆ ಈಗಿನ ಊಟ ಸಾಲದು. ಹಾಲೂಡಿಸದ ಬಸುರಿಗೇ ಈ ಹಂತದಲ್ಲಿ ದಿನಕ್ಕೆ ಸುಮಾರು 340 ಕ್ಯಾಲೊರಿ ಜಾಸ್ತಿ ಬೇಕು.

ಇನ್ನೊಂದು, ಸ್ವಲ್ಪ ಮುಜುಗರದ ಮಾತು. ಅವರು ಯಾವಾಗ, ಏನು ಉಣ್ಣುತ್ತಾರೆ ಅಂತ ಗಮನಿಸಿದ್ದೀರಾ? ಎಲ್ಲರಿಗೂ ಬಡಿಸಿ ಕೊನೆಗೆ ಕೂತರೆ ತಟ್ಟೆಗೆ ಬೀಳುವುದು ಹೆಚ್ಚಾಗಿ ಬರೀ ಅನ್ನವೋ ರೊಟ್ಟಿಯೋ. ಬೇಳೆ, ಮೊಟ್ಟೆ, ಸೊಪ್ಪು ಅಷ್ಟರಲ್ಲಿ ಮುಗಿದಿರುತ್ತದೆ. ‘ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ’ ಎಂಬ ಹೆದರಿಕೆಯಿಂದ ಕಡಿಮೆ ಉಣ್ಣುವವರೂ ಇದ್ದಾರೆ. ಜೊತೆಗೆ ಪುಟ್ಟ ಮಗುವಿನ ಹಿಂದೆ ಓಡಾಟ, ಮನೆಗೆಲಸ, ನಿದ್ದೆಗೇಡು.

ವಾಂತಿ ನಿಂತಿದೆಯಾ? ಬಸಿರಿಗೆ ಮೊದಲೇ ತೂಕ ಕಡಿಮೆ ಇತ್ತಾ? ವೈದ್ಯರಿಗೆ ಎರಡನ್ನೂ ಹೇಳಿ. ಜಂತುಹುಳು, ಮಲೇರಿಯಾ ಕೂಡ ರಕ್ತ ಇಳಿಸುತ್ತವೆ. ಪರೀಕ್ಷೆ ಬೇಕೇ ಎಂದು ಕೇಳಿ. ತೀರಾ ಚಿಕ್ಕ ವಯಸ್ಸಿನವರಾದರೆ ಅವರ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ, ಆಗ ಕೊರತೆ ಮತ್ತಷ್ಟು.

ಕಬ್ಬಿಣ, ಫೋಲಿಕ್ ಆಮ್ಲದ ಮಾತ್ರೆ ತಪ್ಪಿಸಬೇಡಿ. ಈ ಹಂತದಲ್ಲಿ ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ಮಾಮೂಲಿ ಡೋಸ್ ಸಾಲದೇ ಇರಬಹುದು, ಅದನ್ನು ವೈದ್ಯರೇ ನಿರ್ಧರಿಸಲಿ. ಮಾತ್ರೆಯ ಜೊತೆ, ಊಟದ ಜೊತೆ ಕಾಫಿ, ಟೀ ಬೇಡ. ಕಬ್ಬಿಣ ಮೈಗೆ ಸೇರಲು ಅವು ಬಿಡುವುದಿಲ್ಲ. ಮಾತ್ರೆಯಿಂದ ಹೊಟ್ಟೆ ಕೆಟ್ಟರೆ ಸುಮ್ನೆ ನಿಲ್ಲಿಸಬೇಡಿ, ಬೇರೆ ಬಗೆಯದ್ದು ಕೇಳಿ.

ಮುಂದಿನ ತಪಾಸಣೆಗೆ ನೀವೂ ಹೋಗಿ. ತೂಕ ಏರುತ್ತಿದೆಯಾ ನೋಡಿ. ಅಷ್ಟರೊಳಗೇ ಏದುಸಿರು, ತಲೆಸುತ್ತು ಬಂದರೆ ಆ ದಿನಕ್ಕೆ ಕಾಯಬೇಡಿ.